ಅಕ್ಕನ ರಫ್ತು

ಠಸ್ಸೆ ಮಾವನಿಗೆ ಅರ್ಥಶಾಸ್ತ್ರ ತಗುಲಿದ್ದು ಒಂದು ಮಂಗಳವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟ ಮೇಲೆ. ಪಕ್ಕದ ಮೇಜಿನವರಿಂದ ತಗುಲಿದ್ದರೆ ನೆಗಡಿಯ ಹಾಗೆ ಬಂದು ಹೋಗಿಬಿಡುತ್ತಿತ್ತು. ದೊಡ್ಡ ಕಚೇರಿಯಿಂದ ಬಂದ ಸಾಹೇಬರಿಂದಲೇ ನೇರವಾಗಿ ತಗುಲಿದ್ದರಿಂದ ಮೈಗೆ ಹತ್ತಿತು.

ಅವನು ಬಂದರಿನ ಸುಂಕದ ಕಚೇರಿಯಲ್ಲಿ ಠಸ್ಸೆ ಒತ್ತುವವನು. ಹಡಗಿನಿಂದ ಇಳಿದ ಪೆಟ್ಟಿಗೆ, ಹಡಗಿಗೆ ಏರುವ ಪೆಟ್ಟಿಗೆ, ಎರಡನ್ನೂ ಬೇರೆಯವರು ತೆರೆದು ನೋಡಿ ಮುಚ್ಚಿದ ಮೇಲೆ ಮಾವ ಬಂದು ‘ಠಪ್’ ಎಂದು ಒಂದು ಒತ್ತುವುದು. ಹಾಗೆ ಒತ್ತುತ್ತಲೇ ಕೂದಲು ಹಣ್ಣಾಗಿತ್ತು. ಬೀದಿಯವರೆಲ್ಲ ಅವನ ನಿಜವಾದ ಹೆಸರನ್ನು ಮರೆತು ಠಸ್ಸೆ ಮಾವ ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವೇನಿರಲಿಲ್ಲ. ಇಷ್ಟು ವರ್ಷದಲ್ಲಿ ಅವನನ್ನು ಕಾಡಿದ ಪ್ರಶ್ನೆ ಒಂದೇ: ಒಂದು ಹಡಗು ಇಲ್ಲಿಂದ ಬಿಸ್ಕತ್ತು ತುಂಬಿಕೊಂಡು ಹೊರಡುತ್ತದೆ, ಇನ್ನೊಂದು ಹಡಗು ಅಲ್ಲಿಂದ ಬಿಸ್ಕತ್ತು ತುಂಬಿಕೊಂಡು ಬರುತ್ತದೆ. ಅವರವರ ಬಿಸ್ಕತ್ತನ್ನು ಅವರವರೇ ತಿಂದಿದ್ದರೆ ಎರಡೂ ಹಡಗು ಮನೆಯಲ್ಲೇ ಇರಬಹುದಿತ್ತಲ್ಲ?

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಬಂದವರ ಹಾಗೆ ಸಾಹೇಬರು ಕಚೇರಿಯ ಕ್ಯಾಂಟೀನಿನಲ್ಲಿ ಕರಿಹಲಗೆ ನಿಲ್ಲಿಸಿದರು. ನೌಕರರಿಗೆ ತಮ್ಮ ಕೆಲಸದ ಅರ್ಥ ತಿಳಿಯಲಿ ಎಂದು ಮೇಲಿನವರ ಅಪ್ಪಣೆಯಂತೆ. ನೌಕರರು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅರ್ಥ ತಿಳಿದುಕೊಳ್ಳತೊಡಗಿದರು. ಮುಂದಿನ ಬೆಂಚಿನಲ್ಲಿ ಸಿಕ್ಕಿಬಿದ್ದ ಮಾವ ಒಬ್ಬನೇ ಎಚ್ಚರವಾಗಿದ್ದ.

“ಎರಡು ದೇಶ ಇದಾವೆ ಅಂದ್ಕೊಳ್ಳಿ,” ಎಂದರು ಸಾಹೇಬರು. “ದೊಡ್ಡ ದೇಶ ಬ್ರೆಡ್ಡೂ ಬೇಗ ಮಾಡುತ್ತೆ, ಬಟ್ಟೆನೂ ಬೇಗ ನೇಯುತ್ತೆ. ಚಿಕ್ಕ ದೇಶ ಎರಡರಲ್ಲೂ ನಿಧಾನ. ಇದಕ್ಕೆ ದೊಡ್ಡ ದೇಶದ ನಿರಪೇಕ್ಷ ಅನುಕೂಲ ಅಂತಾರೆ. ಹಾಗಾದ್ರೆ ಚಿಕ್ಕ ದೇಶ ಗಂಟುಮೂಟೆ ಕಟ್ಟಬೇಕಾ?”

ಗೋಡೆಯ ಕಡೆಯಿಂದ ಒಂದು ಗೊರಕೆ ಕೇಳಿಸಿತು. ಮಾವ ಮಾತ್ರ ಬೆಂಚಿನ ಅಂಚಿಗೆ ಸರಿದು ಕೂತ.

“ಬೇಕಾಗಿಲ್ಲ! ಯಾಕೆ? ಚಿಕ್ಕ ದೇಶ ಬ್ರೆಡ್ಡಿನಲ್ಲಿ ಮೂರು ಪಟ್ಟು ನಿಧಾನ, ಬಟ್ಟೆಯಲ್ಲಿ ಎರಡೇ ಪಟ್ಟು. ಅಂದ್ರೆ ಬಟ್ಟೆಯಲ್ಲಿ ಅದು ಹಿಂದುಳಿದಿರೋದು ಕಡಿಮೆ. ಅದು ಬಟ್ಟೆ ಮಾತ್ರ ನೇಯಲಿ, ದೊಡ್ಡದು ಬ್ರೆಡ್ ಮಾತ್ರ ಮಾಡಲಿ, ಅದಲು ಬದಲು ಮಾಡ್ಕೊಳ್ಳಲಿ. ಇಬ್ಬರ ಹತ್ತಿರವೂ ಮೊದಲಿಗಿಂತ ಹೆಚ್ಚು ಬ್ರೆಡ್ಡು, ಹೆಚ್ಚು ಬಟ್ಟೆ! ಇದೇ ತುಲನಾತ್ಮಕ ಅನುಕೂಲ. ಎಲ್ಲದರಲ್ಲೂ ಹಿಂದಿರೋರು ಕೂಡ ಲೋಕಕ್ಕೆ ಬೇಕು, ಅನ್ನೋದು ಇದರ ಸಾರಾಂಶ.”

ಮಾವನ ಕಣ್ಣಲ್ಲಿ ನೀರಾಡಿತು. ಪಕ್ಕದವನು ಅರ್ಧ ಕಣ್ಣು ತೆರೆದು, ಸೀಮೆಸುಣ್ಣದ ಧೂಳೆಂದುಕೊಂಡು ತನ್ನ ಕರವಸ್ತ್ರ ಕೊಟ್ಟ. ಮಾವ ಕಣ್ಣೊರೆಸಿಕೊಂಡು ಎದ್ದು ನಿಂತು ಕೈಯೆತ್ತಿದ.

“ಸಾರ್, ಆ ಚಿಕ್ಕ ದೇಶಕ್ಕೆ ಈ ವಿಷಯ ಯಾರಾದ್ರೂ ಹೇಳಿದಾರಾ?”

ಸಾಹೇಬರು ಕನ್ನಡಕ ತೆಗೆದರು. “ಅದು ಉದಾಹರಣೆ ಕಣ್ರೀ.”

“ಆದ್ರೂ ಸಾರ್. ಅದಕ್ಕೆ ಗೊತ್ತಾದ್ರೆ ಎಷ್ಟು ಸಮಾಧಾನ ಆಗುತ್ತೆ!”

ಆ ಚಿಕ್ಕ ದೇಶ ಮಾವನ ಮನೆಯ ಮಹಡಿಯ ಮೇಲೆ ವಾಸವಾಗಿತ್ತು. ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು, ಒಂದು ತಗಡಿನ ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು. ಬಂದ ಮಾರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನನಗೇನು ಕೆಲಸ ಕೊಡ್ತೀಯೇ?” ಎಂದು ಮಾವನ ಹೆಂಡತಿಯನ್ನು ಕೇಳಿದ್ದಳು. ಅಂದಿನಿಂದ ಪ್ರತಿ ಬೆಳಿಗ್ಗೆಯೂ ಅದೇ ಬಾಗಿಲು, ಅದೇ ಪ್ರಶ್ನೆ. ಕೇಳುವಾಗ ಮುಖದಲ್ಲಿ ನಗುವಿರುತ್ತಿತ್ತು. ಸೆರಗಿನ ತುದಿ ಮಾತ್ರ ಕೈಯಲ್ಲಿ ಮುದುಡಿರುತ್ತಿತ್ತು. ಈ ಮನೆಗೆ ತಾನು ಹೊರೆಯೇ ಎಂದು ಕೇಳುವ ಬಗೆ ಅದು. ಹೆಂಡತಿ ಒಂದು ದಿನವೂ “ಏನೂ ಇಲ್ಲ, ಕೂತ್ಕೊಳ್ಳಿ ಅಕ್ಕ” ಎಂದವಳಲ್ಲ. “ಅಬ್ಬ, ಸದ್ಯ ಬಂದ್ರಲ್ಲ! ಇದೊಂದು ಬುಟ್ಟಿ ಆಲೂಗೆಡ್ಡೆ ನೋಡಿ, ನನ್ನ ಕೈಲಾಗ್ತಿಲ್ಲ” ಎನ್ನುತ್ತಿದ್ದಳು. ಅಕ್ಕನ ಕೈಯಿಂದ ಸೆರಗು ಬಿಡುಗಡೆಯಾಗುತ್ತಿತ್ತು.

ಅಕ್ಕ ಆಲೂಗೆಡ್ಡೆಯ ಸಿಪ್ಪೆ ತೆಗೆದರೆ ಗೆಡ್ಡೆಗಿಂತ ಸಿಪ್ಪೆಯೇ ದಪ್ಪ. ಅವಳು ಎದ್ದು ಹೋದ ಮೇಲೆ ಹೆಂಡತಿ ಆ ಸಿಪ್ಪೆಗಳನ್ನು ಆರಿಸಿ, ಮತ್ತೆ ಸುಲಿದು, ಇನ್ನೊಂದು ಪಾತ್ರೆಗೆ ಅಡುಗೆ ಮಾಡುತ್ತಿದ್ದಳು. ಅಕ್ಕ ಅಂಗಿಗೆ ಗುಂಡಿ ಹೊಲಿದರೆ ಅದು ತನ್ನ ಕಾಜವನ್ನು ಬಿಟ್ಟು ಪಕ್ಕದ ಕಾಜದ ಕಡೆಗೆ ನೋಡುತ್ತಿತ್ತು. ಹೆಂಡತಿ ಕತ್ತರಿ ತೆಗೆದುಕೊಂಡು, ಬಾಗಿಲು ಹಾಕಿಕೊಂಡು, ಅದನ್ನು ಬಿಚ್ಚಿ ಸರಿಯಾಗಿ ಹೊಲಿದು, “ಅಕ್ಕನ ಹೊಲಿಗೆ ಗಟ್ಟಿ” ಎಂದು ಮಾವನಿಗೆ ತೊಡಿಸುತ್ತಿದ್ದಳು. ಅಕ್ಕನೂ ಸುಮ್ಮನಿದ್ದವಳಲ್ಲ. ಹೆಂಡತಿ ಮಾಡಿದ ಅನ್ನ ತಳ ಹಿಡಿದ ದಿನ, “ನನಗೆ ಸೀದ ಅನ್ನ ಅಂದ್ರೆ ಪ್ರಾಣ ಕಣೇ” ಎಂದು ತಳವನ್ನೆಲ್ಲ ತಾನೇ ಕೆರೆದು ಬಡಿಸಿಕೊಳ್ಳುತ್ತಿದ್ದಳು. ಅವಳಿಗೆ ಅದರ ವಾಸನೆ ಕಂಡರಾಗದು ಎಂಬುದು ಹೆಂಡತಿಗೆ ಗೊತ್ತಿತ್ತು. ಹೀಗೆ ಆ ಅಡುಗೆಮನೆಯಲ್ಲಿ ದೊಡ್ಡ ವ್ಯಾಪಾರವೇ ನಡೆಯುತ್ತಿತ್ತು. ಸುಂಕದ ಕಚೇರಿಯವನಿಗೆ ಮಾತ್ರ ಅದರ ಸುಳಿವಿರಲಿಲ್ಲ. ಅವನಿಗೆ ಕಾಣುತ್ತಿದ್ದುದು, ಅಕ್ಕ ಎಲ್ಲದರಲ್ಲೂ ನಿಧಾನ, ಪಾಪ, ಎಂಬುದಷ್ಟೇ.

ಮಾರನೆಯ ದಿನವೇ ಅವನು ರಜೆ ಹಾಕಿ, ಕೈಗಡಿಯಾರ ಬಿಚ್ಚಿ ಹಿಡಿದು, ಅಡುಗೆಮನೆಯ ಬಾಗಿಲಿಗೆ ನಿಂತ. ಹೆಂಡತಿ ಒಂದು ರಾಶಿ ಬಟಾಣಿ, ಅಕ್ಕ ಒಂದು ರಾಶಿ ಬಟಾಣಿ ಬಿಡಿಸುತ್ತಿದ್ದರು.

“ಏನ್ರೀ ಅದು? ಡಾಕ್ಟರ ಹಾಗೆ ಗಡಿಯಾರ ಹಿಡ್ಕೊಂಡು ಯಾರ ನಾಡಿ ನೋಡ್ತಿದೀರಿ?” ಎಂದಳು ಹೆಂಡತಿ.

“ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ. ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ.”

“ಕೆಲಸದ ಹೊತ್ತಲ್ಲಿ ಹಾಗೇ ಅಂದ್ಕೊಂಡು ಅಭ್ಯಾಸ ಇದೆ ಬಿಡಿ.”

ಅಕ್ಕ ಕಿಸಕ್ಕನೆ ನಕ್ಕಳು. ನಗುವಾಗ ಅವಳ ಕೈ ನಿಂತಿತು. ಮಾವ ಗಡಿಯಾರ ನೋಡಿಕೊಂಡ. ಆಮೇಲೆ ಅಕ್ಕ ತನ್ನ ಮದುವೆಯಾದ ಹೊಸದರಲ್ಲಿ ಸಕ್ಕರೆಯೆಂದು ಉಪ್ಪು ಬೆರೆಸಿ ಗಂಡನಿಗೆ ಚಹಾ ಕೊಟ್ಟದ್ದು, ಅವನು ಅದನ್ನು ಮಾತಿಲ್ಲದೆ ಕುಡಿದು ಇನ್ನೊಂದು ಲೋಟ ಕೇಳಿದ್ದು, ಇದನ್ನೆಲ್ಲ ಹೇಳಿದಳು. ಹೇಳುವಾಗ ಬಟಾಣಿ ಕೈಯಲ್ಲೇ ಉಳಿಯಿತು. ಹೆಂಡತಿ ಕೇಳುತ್ತಲೇ ಸರಸರ ಬಿಡಿಸಿದಳು, ಅಕ್ಕನ ರಾಶಿಯಿಂದಲೂ ಅಷ್ಟಷ್ಟು ತನ್ನ ಕಡೆಗೆ ಎಳೆದುಕೊಂಡಳು. ಮಧ್ಯಾಹ್ನ ಇಸ್ತ್ರಿಯ ಪರೀಕ್ಷೆಯೂ ಆಯಿತು. ಮಾವ ಜಗಲಿಯಲ್ಲಿ ಕೂತು ಭಾಗಿಸಿ ಗುಣಿಸಿ ನೋಡಿದರೆ, ಏನಾಶ್ಚರ್ಯ! ಅಡುಗೆಯ ಕೆಲಸದಲ್ಲಿ ಅಕ್ಕ ಮೂರು ಪಟ್ಟು ನಿಧಾನ, ಇಸ್ತ್ರಿಯಲ್ಲಿ ಎರಡೇ ಪಟ್ಟು. ಸಾಹೇಬರು ಕರಿಹಲಗೆಯ ಮೇಲೆ ಬರೆದದ್ದು ತನ್ನ ಮನೆಯ ಕಥೆಯನ್ನೇ ಎಂದು ಅವನಿಗೆ ಮೈ ಜುಮ್ಮೆಂದಿತು.

ಇಂಥ ಸಂತೋಷದ ಸುದ್ದಿಯನ್ನು ಅಕ್ಕನಿಗೆ ಒಬ್ಬಳಿಗೇ ಹೇಳಿದರೆ ಸಾಕೇ? ನಾಲ್ಕು ಜನರ ಮುಂದೆ ಹೇಳಬೇಕು, ಅವಳ ಮರ್ಯಾದೆ ಹೆಚ್ಚಬೇಕು. ಭಾನುವಾರ ಚಹಾಕ್ಕೆ ಪಕ್ಕದ ಮನೆಯ ಬಸ್ ಡ್ರೈವರನನ್ನೂ ಅವನ ಹೆಂಡತಿಯನ್ನೂ ಕರೆದ. ಪಕ್ಕದ ಊರಿನಿಂದ ತನ್ನ ತಮ್ಮ ಮತ್ತು ಅವನ ಹೆಂಡತಿಯನ್ನೂ ಬರಹೇಳಿದ. ತಮ್ಮನದು ಫೋಟೋ ಸ್ಟುಡಿಯೋ, ಅವನ ಹೆಂಡತಿ ಆಸ್ಪತ್ರೆಯ ನರ್ಸು. ಅವರ ಮನೆಯಲ್ಲಿ ಒಲೆ ಹೊತ್ತುವುದೇ ಅಪರೂಪ, ಹೊತ್ತಿದರೆ ಪಕ್ಕದವರು ಬೆಂಕಿಯೆಂದು ಓಡಿಬರುತ್ತಾರೆ ಎಂದು ಸ್ವತಃ ತಮ್ಮನೇ ಹೇಳಿಕೊಂಡು ನಗುತ್ತಿದ್ದ.

ಎಲ್ಲರ ಕೈಗೂ ಲೋಟ ಬಂದ ಮೇಲೆ ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಈ ಮನೇಲಿ ಎರಡು ದೇಶ ಇದಾವೆ,” ಎಂದ.

“ಒಂದೇ ಮನೇಲಿ ಎರಡಾ? ನಮ್ಮನೇಲೂ ಹಾಗೇ,” ಎಂದ ಡ್ರೈವರ. ಅವನ ಹೆಂಡತಿ ಅವನ ಕಾಲು ತುಳಿದಳು.

“ಕೇಳಿ. ಅಡುಗೆಯಲ್ಲಿ ನಮ್ಮ ಅಕ್ಕ ಹಿಂದೆ. ಇಸ್ತ್ರಿಯಲ್ಲೂ ಅಕ್ಕ ಹಿಂದೆ. ಹೊಲಿಗೆ ಬಿಡಿ, ಅಳೆಯೋ ಹಾಗೇ ಇಲ್ಲ. ನಿರಪೇಕ್ಷ ಅನುಕೂಲ ಅಂತ ಒಂದಿದೆ, ಅದು ಅಷ್ಟೂ ನನ್ನ ಹೆಂಡತಿ ಹತ್ತಿರ ಇದೆ. ಅಕ್ಕನ ಹತ್ತಿರ ಒಂದು ಚೂರೂ ಇಲ್ಲ.”

ಲೋಟಗಳು ಬಾಯಿಯ ಹತ್ತಿರವೇ ನಿಂತವು. ಹೆಂಡತಿ, “ರೀ,” ಎಂದಳು ಮೆಲ್ಲಗೆ.

“ತಾಳೇ, ಮುಖ್ಯವಾದದ್ದು ಮುಂದಿದೆ! ಹಾಗಂತ ಅಕ್ಕ ನಮಗೆ ಬೇಡವಾ? ಖಂಡಿತಾ ಬೇಕು! ಯಾಕೆಂದ್ರೆ,” ಎಂದು ಅವನು ಅಕ್ಕನ ಕಡೆ ಕೈ ಚಾಚಿದ, ಬಹುಮಾನ ಕೊಡುವವರ ಹಾಗೆ, “ಇಸ್ತ್ರಿಯಲ್ಲಿ ಅಕ್ಕ ಅಷ್ಟೊಂದು ಹಿಂದಿಲ್ಲ!”

ಯಾರೂ ಮಾತಾಡಲಿಲ್ಲ. ಆ ಮೌನವನ್ನು ಮೆಚ್ಚುಗೆಯೆಂದು ತಿಳಿದ ಡ್ರೈವರ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದ. “ಕಂಗ್ರಾಜುಲೇಷನ್ಸ್ ಅಕ್ಕಾ!” ಎಂದ.

ಅಕ್ಕನೂ ನಕ್ಕಳು. ಸೆರಗಿನ ತುದಿ ಅವಳ ಕೈಯಲ್ಲಿ ಸೇರಿಕೊಂಡಿತ್ತು. “ಹೌದಪ್ಪ, ಇವನು ಹೇಳೋದು ನಿಜ. ನನಗೇನು ಬರುತ್ತೆ?” ಎಂದಳು. ಸುದ್ದಿಯ ಎರಡು ಭಾಗದಲ್ಲಿ ಅವಳಿಗೆ ತಲುಪಿದ್ದು ಮೊದಲನೆಯದು ಮಾತ್ರ. ಎರಡನೆಯದು ದಾರಿಯಲ್ಲೇ ಎಲ್ಲೋ ಇಳಿದುಹೋಯಿತು.

ಸೋಮವಾರದಿಂದ ಹೊಸ ವ್ಯವಸ್ಥೆ ಜಾರಿಗೆ ಬಂತು. ಇಸ್ತ್ರಿಯ ಮೇಜು ಮಹಡಿಯ ಮೇಲೆ, ಅಕ್ಕನ ಕೋಣೆಗೆ. ಒಲೆ ಕೆಳಗೆ, ಹೆಂಡತಿಗೆ. ಮೆಟ್ಟಿಲು ಎರಡು ದೇಶಗಳ ಗಡಿ. ಬೆಳಿಗ್ಗೆ ಅಕ್ಕ ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲಿಗೆ ಬಂದು, “ನನಗೇನು...” ಎನ್ನುವಷ್ಟರಲ್ಲಿ ಮಾವ ಓಡಿ ಬಂದ. “ಅಕ್ಕಾ, ಇನ್ನು ಮೇಲೆ ನೀನು ಕೇಳೋ ಹಾಗೇ ಇಲ್ಲ! ನಿನ್ನ ಕೆಲಸ ಮೇಲೇ ಕಾಯ್ತಾ ಇರುತ್ತೆ.” ಅವಳ ದೊಡ್ಡ ಚಿಂತೆಯೊಂದನ್ನು ಬಗೆಹರಿಸಿದೆ ಎಂಬ ಹೆಮ್ಮೆ ಅವನಿಗೆ.

ಸಿದ್ಧಾಂತ ಸುಳ್ಳಾಗಲಿಲ್ಲ, ಹೇಳಲೇಬೇಕು. ದಿನವಿಡೀ ಇಸ್ತ್ರಿ ಮಾಡಿ ಮಾಡಿ ಅಕ್ಕನ ಕೈ ಪಳಗಿತು. ಮನೆಯ ಬಟ್ಟೆ ಮುಗಿದು ಪಕ್ಕದ ಮನೆಯದೂ ಬರತೊಡಗಿತು. ಮೊದಮೊದಲು ಡ್ರೈವರನ ಸಮವಸ್ತ್ರದ ಪ್ಯಾಂಟಿಗೆ ಎರಡೆರಡು ಗೆರೆ ಬೀಳುತ್ತಿದ್ದವು. “ಒಂದು ಹೋಗೋ ರಸ್ತೆ, ಒಂದು ಬರೋ ರಸ್ತೆ” ಎಂದು ಅವನು ಹಾಗೆಯೇ ತೊಟ್ಟು ಬಸ್ಸು ಓಡಿಸುತ್ತಿದ್ದ. ಆಮೇಲೆ ಒಂದೇ ಗೆರೆ, ಬ್ಲೇಡಿನ ಹಾಗೆ. ಡ್ರೈವರನ ಹೆಂಡತಿ ಬದಲಿಗೆ ತನ್ನ ಕೈಯ ಕೇಕು ಕಳಿಸಿದಳು. ಎದುರು ಮನೆಯವರು ಬಟ್ಟೆ ತಂದರು, ಟೊಮೆಟೊ ಕೊಟ್ಟರು. ಇಡೀ ಬೀದಿ ಸುಕ್ಕಿಲ್ಲದೆ ಓಡಾಡತೊಡಗಿತು. ಮಾವ ಬಾಗಿಲಲ್ಲಿ ನಿಂತು, ಹೋಗುವ ಬರುವ ಅಂಗಿಗಳನ್ನು ನೋಡಿ, “ರಫ್ತು!” ಎನ್ನುತ್ತಿದ್ದ.

ಕೆಳಗಿನ ದೇಶದಲ್ಲಿ ಮಾತ್ರ ಏನೋ ಎಡವಟ್ಟಾಗಿತ್ತು. ಅಡುಗೆ ಬೇಗ ಮುಗಿಯುತ್ತಿತ್ತು, ಆದರೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಹೆಂಡತಿ ಕೈ ಒರೆಸಿಕೊಂಡು ಬಂದು ಗೋಡೆ ನೋಡುತ್ತ ಕೂರುತ್ತಿದ್ದಳು.

“ಅಡುಗೆ ಆಯ್ತು. ಈಗೇನು ಮಾಡ್ಲಿ?”

“ಉಳಿದ ಹೊತ್ತೇ ಲಾಭ ಕಣೇ!”

“ಅದನ್ನ ಎಲ್ಲಿಡ್ಲಿ?” ಎಂದಳು ಹೆಂಡತಿ.

ಸಾಹೇಬರು ಮತ್ತೊಮ್ಮೆ ಬಂದಾಗ ಕೇಳಬೇಕು ಎಂದುಕೊಂಡ ಮಾವ.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಇಸ್ತ್ರಿ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಮಾವ ಸಹಾಯಕ್ಕೆಂದು ಬುಟ್ಟಿಗೆ ಕೈ ಹಾಕಿದ. ಬೇರೆ ಯಾರಾದರೂ ಆಗಿದ್ದರೆ ಎತ್ತಿಕೊಂಡು ಹೋಗುತ್ತಿದ್ದರು. ಜೀವಮಾನವಿಡೀ ಪೆಟ್ಟಿಗೆಗಳ ನಡುವೆ ಬದುಕಿದವನ ಕೈ, ಅಂಗಿಗಳಿಗೆ ಇಷ್ಟು ಭಾರ ಇರುವುದಿಲ್ಲ ಎಂದು ತಾನಾಗಿ ಹೇಳಿತು. ಬುಟ್ಟಿಯನ್ನು ಅಲ್ಲಾಡಿಸಿದ. ಒಳಗೆ ಏನೋ ಗಲಗುಟ್ಟಿತು.

“ಏನಿದೆ ಒಳಗೆ?”

“ಬಟ್ಟೆ.”

ಡ್ರೈವರನ ಅಂಗಿ ಎತ್ತಿದ. ಅದರ ಕೆಳಗಿನ ಪ್ಯಾಂಟು ಎತ್ತಿದ. ಅದರ ಕೆಳಗೆ, ಒಂದು ಟವೆಲಿನಲ್ಲಿ ಸುತ್ತಿದ್ದು, ಹಸಿರು ಬಟಾಣಿ.

“ಇದೇನು?”

“ಬಟಾಣಿ.”

“ಕಾಣ್ತಿದೆ. ಇಸ್ತ್ರಿಗಾ?”

ವಿಚಾರಣೆಯಲ್ಲಿ ಎಲ್ಲ ಹೊರಬಿತ್ತು. ಬಹಳ ದಿನದಿಂದ ಬಟಾಣಿ ಬುಟ್ಟಿಯಲ್ಲಿ ಮೇಲೆ ಹೋಗಿ, ಬಿಡಿಸಿದ ಕಾಳಾಗಿ ಮಡಿಸಿದ ಅಂಗಿಗಳ ನಡುವೆ ಕೆಳಗೆ ಬರುತ್ತಿತ್ತು. ಮಾವ ಆಫೀಸಿಗೆ ಹೋದ ಮೇಲೆ ಹೆಂಡತಿಯೂ ಮೇಲೆ ಹೋಗಿ ಮಂಚದ ಅಂಚಿನಲ್ಲಿ ಕೂರುತ್ತಿದ್ದಳು.

“ಕಳ್ಳಸಾಗಣೆ!” ಎಂದ ಮಾವ. ತನ್ನ ಮನೆಯಲ್ಲೇ! ಆಫೀಸಿನಲ್ಲಿ ಒಂದು ಸಲವೂ ಏನನ್ನೂ ಹಿಡಿಯುವ ಭಾಗ್ಯ ಅವನದಾಗಿರಲಿಲ್ಲ, ಹಿಡಿಯುವವರು ಬೇರೆ ಇದ್ದರು. ಆ ಮೊದಲ ಬೇಟೆಯ ಹುರುಪಿನಲ್ಲಿ ಅವನು ಹೆಂಡತಿಯ ಮುಖ ನೋಡಲಿಲ್ಲ. “ಅಕ್ಕ ಬಟಾಣಿ ಬಿಡಿಸಿದ್ರೆ ಅಷ್ಟು ಹೊತ್ತು ಇಸ್ತ್ರಿ ನಿಂತ ಹಾಗೆ. ಅವಳಿಗೆ ಬರದ ಕೆಲಸ ಅವಳಿಗೆ ಕೊಟ್ಟು ಇಬ್ಬರಿಗೂ ನಷ್ಟ ಮಾಡ್ತಿದೀಯಲ್ಲ! ಇದು ಮುಟ್ಟುಗೋಲು.”

ಮೇಲಿನ ಮೆಟ್ಟಿಲಿನಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ.

“ತಗೊಂಡು ಹೋಗೋ,” ಎಂದಳು. “ಅವಳನ್ನ ಬೈಬೇಡ. ನಾನೇ ಕೇಳಿದ್ದು. ಕೈಗೆ ಸುಮ್ನೆ ಅಭ್ಯಾಸ.”

ಮಾವ ಬಟಾಣಿಯ ಗಂಟನ್ನು ಕೆಳಗೊಯ್ದು ಅಡುಗೆಮನೆಯಲ್ಲಿಟ್ಟ. ಕರ್ತವ್ಯ ಮಾಡಿದವರಿಗೆ ಆಗುವ ಆ ಒಂದು ಹಗುರ ಭಾವದಿಂದ ಆಫೀಸಿಗೆ ಹೋಗಿ, ಅಂದು ಠಸ್ಸೆಗಳನ್ನು ಬಹಳ ಗಟ್ಟಿಯಾಗಿ ಒತ್ತಿದ.

ಕೆಲವು ದಿನ ಕಳೆದು, ಅಕ್ಕ ಅವನ ಅಂಗಿಗಳ ಗಂಟು ಕೊಡುತ್ತ ಕೇಳಿದಳು: “ಅಲ್ವೋ, ನಿಮ್ಮ ಸಾಹೇಬರು ಹೇಳಿದ್ರಲ್ಲ, ಎಲ್ಲದರಲ್ಲೂ ಹಿಂದಿರೋ ದೇಶ. ಅದಕ್ಕಿಂತಲೂ ಹಿಂದಿರೋ ದೇಶ ಇನ್ನೊಂದು ಇರುತ್ತಾ?”

ಅಕ್ಕನಿಗೆ ಅರ್ಥಶಾಸ್ತ್ರದಲ್ಲಿ ಆಸಕ್ತಿ! ಮಾವನಿಗೆ ಹಿಗ್ಗು ತಡೆಯಲಾಗಲಿಲ್ಲ. “ಇರುತ್ತೆ ಅಕ್ಕಾ, ಯಾವಾಗ್ಲೂ ಇರುತ್ತೆ! ಅದರ ಮುಂದೆ ಈ ಚಿಕ್ಕ ದೇಶವೇ ರಾಣಿ. ಅಲ್ಲಿ ನಿರಪೇಕ್ಷ ಅನುಕೂಲ ಇದರದ್ದೇ!”

“ಹೌದಾ,” ಎಂದಳು ಅಕ್ಕ. “ಒಳ್ಳೆ ವಿಷಯ ಹೇಳಿದೆ.”

ಮುಂದಿನ ಭಾನುವಾರ ತಮ್ಮನ ಸ್ಟುಡಿಯೋದ ವ್ಯಾನು ಬಾಗಿಲಿಗೆ ಬಂದು ನಿಂತಿತು. ತಮ್ಮ ಇಳಿದು, ಅಣ್ಣನ ಮುಖ ನೋಡದೆ, “ಅಕ್ಕ ಬರ್ತೀನಿ ಅಂದ್ಲು,” ಎಂದ. ಅವನ ಹೆಂಡತಿ ಮಾತ್ರ ಸಂತೋಷ ಅಡಗಿಸಲಾರದೆ, “ನಮ್ಮನೇಲಿ ಇನ್ನು ಬಿಸಿ ಊಟ!” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಟ್ರಂಕು ಮಹಡಿಯಿಂದ ಇಳಿಯಿತು. ಬೀದಿಯೆಲ್ಲ ಬಾಗಿಲಿಗೆ ಬಂತು. ಎದುರು ಮನೆಯವರು ತಮ್ಮ ನಾಲ್ಕು ಅಂಗಿಗಳನ್ನು ಬೆನ್ನ ಹಿಂದೆ ಹಿಡಿದು ಕೇಳಲೋ ಬೇಡವೋ ಎಂದು ನಿಂತರು. ಡ್ರೈವರ ಇಸ್ತ್ರಿಯ ಗೆರೆ ಮುರಿಯದ ಹಾಗೆ ಎಚ್ಚರಿಕೆಯಿಂದ ಬಾಗಿ ಟ್ರಂಕಿನ ಒಂದು ತುದಿ ಹಿಡಿದ. ಟ್ರಂಕು ಎದುರಿಗೆ ಬಂದೊಡನೆ ಮಾವನ ಬಾಯಿ, ಅವನನ್ನು ಕೇಳದೆಯೇ, “ಒಳಗೇನಿದೆ?” ಎಂದಿತು.

“ನಾಲ್ಕು ಬಟ್ಟೆ, ಒಂದು ಕಂಬಳಿ,” ಎಂದಳು ಅಕ್ಕ. “ಸುಂಕ ಕಟ್ಟಬೇಕಾ?”

ಎಲ್ಲರೂ ನಕ್ಕರು. ಮಾವನೂ ನಕ್ಕ. ನಗು ಮುಗಿದ ಮೇಲೂ ಟ್ರಂಕು ಅಲ್ಲೇ ಇತ್ತು.

“ಅಕ್ಕಾ, ಯಾಕೆ? ಇಲ್ಲಿ ಏನು ಕಡಿಮೆ ಆಗಿತ್ತು?”

“ಏನೂ ಕಡಿಮೆ ಆಗ್ಲಿಲ್ಲ ಕಣೋ, ಬೇಜಾರು ಮಾಡ್ಕೋಬೇಡ. ನೀನೇ ಹೇಳಿದ್ಯಲ್ಲ. ಇವರಿಬ್ಬರಿಗೂ ಮೊಟ್ಟೆ ಬೇಯಿಸೋಕೂ ಬರಲ್ಲ. ಅಲ್ಲಿ ನಾನು ಅದೇನೋ, ನಿರಪೇಕ್ಷ.” ಅವಳು ಆ ಮಾತನ್ನು ಸರಿಯಾಗಿ ಹೇಳಿದೆನೇ ಎಂದು ಅವನ ಮುಖ ನೋಡಿದಳು.

ಆಗ ಮಾವ ಹೇಳಬೇಕಾಗಿದ್ದದ್ದು ಒಂದೇ ಮಾತು. ಹೋಗಬೇಡ ಅಕ್ಕಾ. ಎಂಥ ದಡ್ಡನಿಗೂ ಬರುವ ಮಾತು. ಆದರೆ ತನ್ನ ಸಿದ್ಧಾಂತವನ್ನು ಅಕ್ಕ ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡು ಎದುರಿಗೆ ಇಟ್ಟಿರುವಾಗ, ಅದು ತಪ್ಪೆನ್ನುವುದು ಹೇಗೆಂದು ಅವನಿಗೆ ತೋಚಲಿಲ್ಲ. “ಲೆಕ್ಕ ಸರಿಯಾಗೇ ಇದೆ,” ಎಂದ.

ವ್ಯಾನು ತಿರುವು ದಾಟಿತು. ಡ್ರೈವರ ಕೈ ಬೀಸಿ, ಸಮಾಧಾನಕ್ಕೆಂದು, “ಅಂತೂ ಅಕ್ಕನ್ನೇ ರಫ್ತು ಮಾಡಿಬಿಟ್ರಿ ಮಾವ,” ಎಂದ. ಈ ಸಲ ಅವನ ಹೆಂಡತಿ ಎರಡು ಕಾಲಿನಿಂದಲೂ ತುಳಿದಳು.

ಒಳಗೆ ಬಂದರೆ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು, ಹಿಂದೆ ಗಡಿಯಾಗಿದ್ದ ಜಾಗದಲ್ಲಿ. ಅಳುತ್ತಿರಲಿಲ್ಲ. ಆಲೂಗೆಡ್ಡೆಯ ಸಿಪ್ಪೆಯ ವಿಷಯ ಹೇಳಿದಳು, ಗುಂಡಿಗಳ ವಿಷಯ ಹೇಳಿದಳು. ತಳ ಹಿಡಿದ ಅನ್ನದ ವಿಷಯವನ್ನೂ.

“ಹಾಗಾದ್ರೆ ಅಷ್ಟು ದಿನ ನೀನು ಒಂದೇ ಕೆಲಸ ಎರಡೆರಡು ಸಲ ಮಾಡ್ತಿದ್ದೆಯಾ?” ಎಂದ ಮಾವ. “ಎಂಥ ನಷ್ಟ!”

“ಅಕ್ಕ ನಿಧಾನ ಅಂತ ಗಡಿಯಾರ ಹಿಡಿದ್ರಲ್ಲ,” ಎಂದಳು ಹೆಂಡತಿ. “ಅವರು ಮಾತಾಡ್ತಿದ್ರು ಕಣ್ರೀ. ನನ್ನ ಹತ್ತಿರ ಅಷ್ಟು ಮಾತಾಡೋರು ಇನ್ಯಾರಿದ್ರು? ನಿಮ್ಮ ಗಡಿಯಾರಕ್ಕೆ ಕಿವಿ ಇರಲಿಲ್ಲ.”

ಮಾವ ಎರಡು ಭಾನುವಾರ ತಡೆದ. ಮೂರನೆಯ ಭಾನುವಾರ ಒಂದು ಚೀಲ ಬಟಾಣಿ ಕೊಂಡು ಪಕ್ಕದ ಊರಿನ ಬಸ್ಸು ಹತ್ತಿದ. ಬಸ್ಸು ಪಕ್ಕದ ಮನೆಯ ಡ್ರೈವರನದೇ. ಅವನು ಕನ್ನಡಿಯಲ್ಲಿ ಚೀಲ ನೋಡಿದ, ಮಾವನ ಮುಖ ನೋಡಿದ, ಹುಟ್ಟಿದ ಮೇಲೆ ಮೊದಲ ಸಲ ತಮಾಷೆ ಮಾಡದೆ ಸುಮ್ಮನೆ ಬಸ್ಸು ಓಡಿಸಿದ. ಇಳಿಯುವಾಗ, “ನಿಧಾನ ಬನ್ನಿ ಮಾವ, ವಾಪಸ್ ಟ್ರಿಪ್ಪಿಗೆ ಕಾಯ್ತೀನಿ,” ಎಂದ.

ತಮ್ಮನ ಮನೆಯಲ್ಲಿ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಒಲೆಯ ಮೇಲೆ ಎರಡು ಪಾತ್ರೆ. ನರ್ಸು ಡ್ಯೂಟಿಗೆ ಹೊರಟಿದ್ದವಳು ಬಾಗಿಲಲ್ಲಿ ನಿಂತು, “ಅಕ್ಕಾ, ನನ್ನ ಡಬ್ಬಿ?” ಎಂದಳು. ಒಳಗಿನಿಂದ ತಮ್ಮ, “ಅಕ್ಕಾ, ನನ್ನ ಕಾಲುಚೀಲ?” ಎಂದ. ಅಕ್ಕ ಒಬ್ಬೊಬ್ಬರನ್ನೂ ಗದರಿಸುತ್ತ, ಒಂದೊಂದನ್ನೂ ತಪ್ಪಾದ ಜಾಗದಿಂದ ಹುಡುಕಿ ಕೊಟ್ಟಳು. ಅನ್ನ ಸೀಯುತ್ತಿತ್ತು. ಯಾರಿಗೂ ಅದು ತಿಳಿಯಲಿಲ್ಲ.

ಅವರೆಲ್ಲ ಹೋದ ಮೇಲೆ ಅಕ್ಕ ಮಾವನಿಗೆ ಚಹಾ ಕೊಟ್ಟಳು.

“ಮನೆಗೆ ಬಾ ಅಕ್ಕಾ. ನೀನು ಬೇಕು ಅಲ್ಲಿ.”

“ಇಲ್ಲೂ ಬೇಕಲ್ಲೋ.”

“ಅಲ್ಲಿ ಬೀದಿಯವರೆಲ್ಲ ಸುಕ್ಕು ಬಟ್ಟೇಲಿ ಓಡಾಡ್ತಿದಾರೆ.”

“ಅದೇ ನೋಡು,” ಎಂದಳು ಅಕ್ಕ, ಬೇಸರವಿಲ್ಲದೆ. “ಅಲ್ಲಿ ಇಸ್ತ್ರಿಗೆ ಬೇಕು.”

ಅಲ್ಲ, ಅದಕ್ಕಲ್ಲ, ಎನ್ನಲು ಮಾವ ಬಾಯಿ ತೆರೆದ. ಆದರೆ ಸುಕ್ಕಿನ ಮಾತು ಮೊದಲು ಬಂದುಬಿಟ್ಟಿತ್ತು. ಅವನ ಎಲ್ಲ ಮಾತುಗಳ ಹಾಗೆ ಇದರಲ್ಲೂ ಎರಡನೆಯ ಭಾಗ ಹಿಂದೆ ಉಳಿಯಿತು. ಚೀಲವನ್ನು ಅವಳ ಮುಂದೆ ಸುರಿದ.

“ಬಿಡಿಸೋಣ್ವಾ?”

“ಕೂತ್ಕೋ. ಸದ್ಯ ಬಂದ್ಯಲ್ಲ, ನನ್ನ ಕೈಲಾಗ್ತಿಲ್ಲ,” ಎಂದಳು ಅಕ್ಕ. ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು ಮಾವನಿಗೆ.

ಇಬ್ಬರೂ ಬಿಡಿಸಿದರು. ಅಕ್ಕ ಮಾತಾಡಿದಳು. ನರ್ಸಿನ ಆಸ್ಪತ್ರೆಯ ಸುದ್ದಿ, ಸ್ಟುಡಿಯೋಕ್ಕೆ ಬಂದು ನಗಲಾರದೆ ಅತ್ತ ಮದುಮಗ. ಮಾವ ಗಡಿಯಾರ ನೋಡಲಿಲ್ಲ. ಕೈ ತೊಳೆಯಲು ಎದ್ದು ಹೋಗಿ, ಟವೆಲು ಸಿಗದೆ ಕೇಳಲೆಂದು ತಿರುಗಿದವನು ಬಾಗಿಲಲ್ಲೇ ನಿಂತ. ಅಕ್ಕ ಅವನ ಕಡೆಗೆ ಬೆನ್ನು ಮಾಡಿ, ಅವನು ಎಸೆದ ಸಿಪ್ಪೆಗಳನ್ನು ಒಂದೊಂದಾಗಿ ಬಿಚ್ಚಿ, ಅವನು ಬಿಟ್ಟಿದ್ದ ಕಾಳುಗಳನ್ನು ಆರಿಸಿ ಪಾತ್ರೆಗೆ ಹಾಕುತ್ತಿದ್ದಳು. ಪಾತ್ರೆಯಲ್ಲಿ ಬಿದ್ದಿದ್ದ ಸಿಪ್ಪೆಗಳನ್ನು ತೆಗೆದು ಹೊರಗೆ ಹಾಕುತ್ತಿದ್ದಳು. ಅವಸರದಲ್ಲಿ, ಕದ್ದವಳ ಹಾಗೆ.

ಹೆಜ್ಜೆ ಸಪ್ಪಳಕ್ಕೆ ಅವಳು ತಿರುಗಿದಳು. ಕೈಯಲ್ಲಿ ಸಿಪ್ಪೆ ಇತ್ತು.

“ಚಿಕ್ಕವನಿದ್ದಾಗಿಂದಲೂ ನೀನು ಹೀಗೇ,” ಎಂದು ನಕ್ಕಳು. “ಕಾಳನ್ನ ಸಿಪ್ಪೆಗೆ ಹಾಕ್ತೀಯ, ಸಿಪ್ಪೇನ ಕಾಳಿಗೆ ಹಾಕ್ತೀಯ.”

“ನೀನು ಯಾವತ್ತೂ ಹೇಳ್ಲೇ ಇಲ್ವಲ್ಲ ಅಕ್ಕಾ.”

“ಹೇಳಿದ್ರೆ ನೀನು ಎದ್ದು ಹೋಗ್ತಿದ್ದೆಯಲ್ಲೋ,” ಎಂದಳು ಅಕ್ಕ.

ಹೊರಡುವಾಗ ಅವನ ಅಂಗಿಯ ಒಂದು ಗುಂಡಿ ಸಡಿಲವಾಗಿರುವುದನ್ನು ಕಂಡು, ನಿಂತಲ್ಲೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಬಸ್ಸಿನಲ್ಲಿ ಗುಂಡಿ ಹಾಕಿಕೊಳ್ಳುವಾಗ ಅಂಗಿಯ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ನಿಂತಿತು.

ಮನೆಗೆ ಬಂದಾಗ ಹೆಂಡತಿಯ ಕಣ್ಣು ಬಾಗಿಲ ಕಡೆಯಿಂದ ಅವನ ಕಡೆಗೂ, ಅವನ ಹಿಂದಿನ ಖಾಲಿ ಬೀದಿಗೂ ಹೋಗಿ ಬಂತು. ಆಮೇಲೆ ಅಂಗಿ ನೋಡಿದಳು. ಹಳೆಯ ಅಭ್ಯಾಸದಂತೆ ಒಳಗೆ ಹೋಗಿ ಕತ್ತರಿ ತಂದಳು.

ಮಾವ ಗುಂಡಿಯ ಮೇಲೆ ಕೈಯಿಟ್ಟುಕೊಂಡ. “ಇರಲಿ ಬಿಡೇ.”

ಮಾರನೆಯ ದಿನ ಅದೇ ಅಂಗಿ ತೊಟ್ಟು ಆಫೀಸಿಗೆ ಹೋದ. ದೊಡ್ಡ ಕಚೇರಿಯ ಸಾಹೇಬರು ಮತ್ತೆ ಬಂದಿದ್ದರು. ಪೆಟ್ಟಿಗೆಗಳ ನಡುವೆ ನಡೆದು ಬಂದು, ಮಾವನ ಮುಂದೆ ನಿಂತು, “ಗುಂಡಿ ತಪ್ಪಾಗಿದೆಯಲ್ಲ ಕಣ್ರೀ,” ಎಂದರು.

“ಹೌದು ಸಾರ್,” ಎಂದ ಮಾವ. “ಹೊರಗಿಂದ ಬಂದದ್ದು. ಮೊದಲು ನಮ್ಮಲ್ಲೇ ಆಗ್ತಿತ್ತು.”

ಮುಂದಿನ ಪೆಟ್ಟಿಗೆ ಬಂತು. ಹೊರಗೆ ಹೋಗುವ ಬಿಸ್ಕತ್ತು. ಮಾವ ಠಸ್ಸೆಯನ್ನು ಎತ್ತಿ, ಒಂದು ಗಳಿಗೆ ಹಾಗೇ ಹಿಡಿದು ನಿಂತು, ಮೆಲ್ಲಗೆ ಒತ್ತಿದ.